ಮನೆಯಲ್ಲೇ ಹೋಮ್‌ಸ್ಟೇ ಮಾಡಬೇಕೋ ಬೇಡವೋ: ಬಾದಾಮಿ, ವಿಜಯಪುರ, ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಎರಡು ಖೋಲಿ ಖಾಲಿ ಬಿದ್ದಿವೆ, ಪ್ರವಾಸಿಗರಿಗೆ ಕೊಡೋಣವೇ ಎಂದು ಬಾಗಲಕೋಟೆ (ಬಾದಾಮಿ ಇರುವುದು ಇಲ್ಲೇ), ವಿಜಯಪುರ, ಬೆಳಗಾವಿ ಜಿಲ್ಲೆಗಳ ಅನೇಕರು ಕೇಳುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯ ಮಾತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ.

## ಮೊದಲ ಯೋಚನೆ

ನಮ್ದು ಬಾದಾಮಿ ಊರೊಳಗ ಹಳೇ ಮನಿ ಐತ್ರಿ. ಮಕ್ಕಳು ಬೆಂಗಳೂರಾಗ ಅದಾರ. ಹೋಮ್‌ಸ್ಟೇ ಮಾಡಿದ್ರ ನಡೀತೈತೇನ್ರಿ?

ಮನೆ ನಿಮ್ಮದೇ ಆಗಿದ್ದು, ಅದರ ಮೇಲೆ ದೊಡ್ಡ ಸಾಲ ಇಲ್ಲದಿದ್ದು, ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಬ್ಬರಾದರೂ ದಿನವಿಡೀ ಮನೆಯಲ್ಲಿರುವಂತಿದ್ದರೆ ನಡೆಯುತ್ತದೆ. ಸೋಲುವವರು ಹೆಚ್ಚಾಗಿ ಸೋಲುವುದು ಈ ಕೊನೆಯ ವಿಷಯದಲ್ಲೇ. ನಮ್ಮ ಕಡೆ ಜಾತ್ರೆ, ಬಂಧುಗಳ ಮದುವೆ, ಹಿಂಗಾರಿ ಜೋಳ-ಕಡಲೆಯ ಕೆಲಸ ಎಲ್ಲ ಬರುವುದು ಅದೇ ತಿಂಗಳುಗಳಲ್ಲಿ. ಪುಣೆಯಿಂದ ಕುಟುಂಬವೊಂದು ಬಂದು ಬಾಗಿಲು ತಟ್ಟುವ ಹೊತ್ತಿಗೆ ಮನೆಯವರೆಲ್ಲ ಬೀಗರ ಊರಿನಲ್ಲಿದ್ದರೆ ಆ ಹೆಸರು ಮತ್ತೆ ಏಳುವುದಿಲ್ಲ. ಹೋದ ವರ್ಷದ ಕ್ಯಾಲೆಂಡರ್ ತೆಗೆದು, ಆ ಐದು ತಿಂಗಳಲ್ಲಿ ನೀವಿಬ್ಬರೂ ಊರಲ್ಲಿ ಇಲ್ಲದ ದಿನಗಳಿಗೆ ಗುರುತು ಹಾಕಿ. ಇಪ್ಪತ್ತೈದು ದಿನ ದಾಟಿದರೆ, ಬೇರೊಬ್ಬ ನಂಬಿಗಸ್ತರು ಸಿಗುವವರೆಗೆ ಕೈ ಹಾಕಬೇಡಿ.

ಹೋಮ್‌ಸ್ಟೇ, ಲಾಡ್ಜ್, ಮೊಟೆಲ್, ಎಲ್ಲಾ ಒಂದೇ ಅಲ್ಲೇನ್ರಿ?

ಒಂದೇ ಅಲ್ಲ. ಹೋಮ್‌ಸ್ಟೇ ಅಂದರೆ ಮಾಲೀಕರ ಕುಟುಂಬ ವಾಸವಿರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಒಂದರಿಂದ ಆರು ಖೋಲಿಯವರೆಗೆ ಅವಕಾಶವಿದೆ, ಗೋಲ್ಡ್ ಮತ್ತು ಸಿಲ್ವರ್ ಎಂಬ ಎರಡು ದರ್ಜೆಗಳಿವೆ. ಲಾಡ್ಜ್ ಪೂರಾ ವ್ಯಾಪಾರಿ ಕಟ್ಟಡ. ಮೊಟೆಲ್ ಹೆದ್ದಾರಿಯ ಗಾಡಿಗಳನ್ನು ನಂಬಿದ್ದು. ಕಾಗದ, ತೆರಿಗೆ, ಬಂಡವಾಳ ಮೂರಕ್ಕೂ ಬೇರೆ ಬೇರೆ. ಹೆಚ್ಚಿನ ಮನೆಗಳಿಗೆ ಹೊಂದುವುದು ಹೋಮ್‌ಸ್ಟೇ, ಆದ್ದರಿಂದ ಇಲ್ಲಿ ಅದರ ಮಾತೇ ಹೆಚ್ಚು.

ಜನ ಯಾವಾಗ ಬರ್ತಾರ? ವರ್ಷಪೂರ್ತಿ ಬರ್ತಾರೇನು?

ಬರುವುದಿಲ್ಲ. ನಿಮ್ಮ ತೀರ್ಮಾನ ನಿಲ್ಲಬೇಕಾದದ್ದು ಈ ಉತ್ತರದ ಮೇಲೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರವರಿ. ಮಾರ್ಚ್ ನಡುವಿನಿಂದ ಕೆಂಪು ಕಲ್ಲು ಕಾಯತೊಡಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಮಧ್ಯಾಹ್ನ ಗುಹೆಗಳ ಮೆಟ್ಟಿಲಲ್ಲಿ ಕಾಲಿಡಲಾಗದು. ಆಗ ಬರುವವರು ಶಾಲೆ ರಜೆಯ ಕುಟುಂಬಗಳು ಮಾತ್ರ, ಅವರಿಗೆ ಎ.ಸಿ. ಬೇಕು. ಜೂನ್‌ನಿಂದ ಸೆಪ್ಟೆಂಬರ್ ಶನಿವಾರ-ಭಾನುವಾರದ ವ್ಯಾಪಾರ. ಮಲಪ್ರಭಾ ಉಕ್ಕಿದರೆ ಅದೂ ಇಲ್ಲ: 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು.

ಜನವರಿಯ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನಡೆಯುವಾಗ ಊರೆಲ್ಲ ತುಂಬಿರುತ್ತದೆ. ಆ ಗದ್ದಲ ನೋಡಿ ಖೋಲಿ ಕಟ್ಟಲು ಹೊರಡುವವರು ಒಂದು ಮಾತು ಗಮನಿಸಬೇಕು. ಜಾತ್ರೆಗೆ ಬರುವವರಲ್ಲಿ ಬಹುಪಾಲು ಜನ ನೆಂಟರ ಮನೆಯಲ್ಲಿ, ಛತ್ರದಲ್ಲಿ, ಇಲ್ಲವೇ ಗಾಡಿಯಲ್ಲೇ ಉಳಿಯುತ್ತಾರೆ. 1,500 ರೂಪಾಯಿ ಕೊಟ್ಟು ಖೋಲಿ ಹಿಡಿಯುವವರು ಗುಡಿ ನೋಡಲು ಬರುವ ದೂರದೂರಿನವರು, ಬಂಡೆ ಹತ್ತಲು ಬರುವ ಹುಡುಗರು, ಚಿತ್ರ ತೆಗೆಯುವವರು, ಶಿಲ್ಪ-ಶಾಸನ ಓದುವವರು.

ಖಾನಾಪುರ, ಜಾಂಬೋಟಿ ಕಡೆ ಲೆಕ್ಕ ತಿರುಗುಮುರುಗು: ಅಲ್ಲಿ ಮಳೆಗಾಲವೇ ಸುಗ್ಗಿ. ಗೋಕಾಕ ಜಲಪಾತ ನೋಡುವವರೂ ಮಳೆಗಾಲದವರೇ, ಆದರೆ ಅವರಲ್ಲಿ ಹೆಚ್ಚಿನವರು ಸಂಜೆಗೆ ವಾಪಸ್. ಬೆಳಗಾವಿ ನಗರದಲ್ಲಿ ಡಿಸೆಂಬರ್ ಹೊತ್ತಿಗೆ ಸುವರ್ಣ ವಿಧಾನಸೌಧದ ಅಧಿವೇಶನ ನಡೆದಾಗ ಖೋಲಿ ಸಿಗುವುದೇ ಕಷ್ಟ. ಉಳಿದ ದಿನಗಳಲ್ಲಿ ಆಸ್ಪತ್ರೆಗೆ ಬಂದವರ ಮನೆಮಂದಿ, ವಿದ್ಯಾರ್ಥಿಗಳ ತಂದೆ-ತಾಯಿ ಬರುತ್ತಾರೆ. ಇವರು ಕಡಿಮೆ ದುಡ್ಡು ಕೊಟ್ಟರೂ ವರ್ಷವಿಡೀ ಬರುವವರು. ವಿಜಯಪುರಕ್ಕೆ ಬರುವ ಬಹಳ ಜನ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಅದೇ ದಿನ ಮುಂದಿನ ಊರಿಗೆ ಹೊರಡುತ್ತಾರೆ. ಅವರನ್ನು ಒಂದು ರಾತ್ರಿ ನಿಲ್ಲಿಸಲು ನಿಮ್ಮಲ್ಲಿ ಏನಿದೆ ಎಂಬುದು ಮೊದಲೇ ಗೊತ್ತಿರಲಿ.

ಮೊದಲಿಗೆ ಎಷ್ಟು ಖೋಲಿ ಮಾಡ್ಬೇಕು?

ಎರಡು. ಒಂದು ಇಬ್ಬರಿಗೆ, ಇನ್ನೊಂದು ನಾಲ್ವರ ಕುಟುಂಬಕ್ಕೆ. ಎರಡು ಖೋಲಿಯ ಕೆಲಸ ಮನೆಯವರ ಕೈಯಲ್ಲೇ ಮುಗಿಯುತ್ತದೆ. ಮೂರನೆಯದಕ್ಕೆ ಆಳು ಬೇಕಾಗುತ್ತದೆ, ಆಳಿನ ಪಗಾರ ಖಾಲಿ ತಿಂಗಳಲ್ಲೂ ಕೊಡಬೇಕಾಗುತ್ತದೆ. ಒಂದು ಪೂರ್ತಿ ವರ್ಷ ನಡೆಸಿ ಆಮೇಲೆ ಹೆಚ್ಚಿಸಿ.

## ಮನೆ, ನೀರು, ಕರೆಂಟು

ಮನಿ ಗುಡಿಗೆ ಹತ್ರ ಐತಿ. ಮ್ಯಾಲೆ ಒಂದು ಮಜಲು ಏರಿಸ್ಬಹುದಾ?

ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗಿದ್ದರೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಮುಂಗಡ ಅನುಮತಿ ಪಡೆದು ಕಟ್ಟಬಹುದು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದನ್ನು ಗಟ್ಟಿ ಮಾಡಿದೆ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಜನ ಎಡವುವುದು ಅಳತೆಯಲ್ಲಿ. ಅಳೆಯುವುದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. ಗುಡಿ 130 ಮೀಟರ್ ದೂರ ಕಂಡರೂ ಅದರ ತಂತಿಬೇಲಿ ನಿಮ್ಮ ಹಿತ್ತಲಿಂದ 60 ಮೀಟರ್ ಇರಬಹುದು. ಬಾದಾಮಿಯಲ್ಲಿ, ಐಹೊಳೆಯಲ್ಲಿ, ವಿಜಯಪುರದ ಕೋಟೆಯೊಳಗೆ ಒಂದೇ ಮನೆಗೆ ಎರಡು ಮೂರು ಸ್ಮಾರಕಗಳ ಗಡಿ ತಾಗುವುದುಂಟು. ದೊಡ್ಡ ಸ್ಮಾರಕವನ್ನಷ್ಟೇ ನೋಡಿ ಬಿಟ್ಟರೆ ಪಕ್ಕದ ಸಣ್ಣ ಗುಡಿಯ ಲೆಕ್ಕ ತಪ್ಪುತ್ತದೆ.

1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ 100 ಮೀಟರ್ ಒಳಗೂ ಅರ್ಜಿ ಹಾಕಬಹುದು. ಅರ್ಜಿ ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಮನೆ ಆಗಲೇ ಇತ್ತೆಂದು ತೋರಿಸಲು ಹಳೆಯ ಮನೆಪಟ್ಟಿ ರಸೀದಿ, ಕರೆಂಟ್ ಬಿಲ್, ಖರೀದಿ ಪತ್ರ ಹುಡುಕಿಟ್ಟುಕೊಳ್ಳಿ. ಇದ್ದ ಖೋಲಿಯಲ್ಲಿ ಮಂಚ ಹಾಕುವುದು ಬೇರೆ. ಗೋಡೆ ಒಡೆದು ಬಾತ್‌ರೂಮ್ ಮಾಡುವುದಾದರೆ ಅನುಮತಿ ಕೈಗೆ ಬರುವ ಮುನ್ನ ಗೌಂಡಿಗೆ ಮುಂಗಡ ಕೊಡಬೇಡಿ. ಈ ನಿಯಮ ಮನೆಯವರಿಗೆ ಕಷ್ಟ ಕೊಡುತ್ತದೆ ನಿಜ. ಆದರೆ ಪ್ರವಾಸಿಗ ಬರುವುದು ಆ ಗುಡಿಗಾಗಿ, ಅದರ ಮುಂದೆ ನಾಲ್ಕು ಮಜಲಿನ ಕಾಂಕ್ರೀಟ್ ಎದ್ದರೆ ನಿಮ್ಮ ಮನೆಗೂ ಬೆಲೆ ಉಳಿಯುವುದಿಲ್ಲ.

ಮಾಳಿಗಿ ಮನಿಗೆ ಅಟ್ಯಾಚ್ಡ್ ಬಾತ್‌ರೂಮ್ ಹೆಂಗ್ ಮಾಡೂದು?

ಮನೆ ಸ್ಮಾರಕದ 100 ಮೀಟರ್ ಒಳಗಿಲ್ಲದಿದ್ದರೆ ಹಿತ್ತಲ ಕಡೆ, ನೆಲದ ಮೇಲೆ, ಹಳೆಯ ಗೋಡೆಗೆ ತಾಗಿದ ಹೊಸ ಭಾಗವಾಗಿ ಮಾಡಿ. ಮಾಳಿಗೆಯ ಮೇಲಿನ ಖೋಲಿಯಲ್ಲಿ ಬೇಡ. ಕಟ್ಟಿಗೆಯ ಜಂತಿಗೆ ಒಂದು ಹನಿ ನೀರು ದಿನಾ ಇಳಿದರೂ ತುದಿ ಕೊಳೆಯುತ್ತದೆ, ಮೇಲಿನ ಮಣ್ಣಿನ ಭಾರಕ್ಕೆ ಜಗ್ಗುತ್ತದೆ, ಗೆದ್ದಲು ಹತ್ತಿದ ಮೇಲೆ ಜಂತಿ ಬದಲಿಸದೆ ಗತಿಯಿಲ್ಲ. ಒಳ ಅಳತೆ ಕನಿಷ್ಠ ನಾಲ್ಕು ಅಡಿಗೆ ಏಳು ಅಡಿ ಇರಲಿ, ನೆಲದ ಇಳಿಜಾರು ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಬಳಿದು, ಕೊಳವೆಯ ಬಾಯಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ ನೋಡಿ. ಒರಟು ಟೈಲ್ಸ್ ಇರಲಿ. ನುಣುಪಾದದ್ದರಲ್ಲಿ ವಯಸ್ಸಾದವರು ಜಾರುತ್ತಾರೆ.

ಬಾದಾಮಿಯಲ್ಲಿ ಇನ್ನೊಂದು ತೊಡಕು: ಕೆಲವು ಕಡೆ ಎರಡು ಮೂರು ಅಡಿ ಅಗೆದರೆ ಬಂಡೆ. ಅಲ್ಲಿ ಇಂಗುಗುಂಡಿ ಇಂಗುವುದಿಲ್ಲ. ನಾಲ್ಕು ಜನರ ಮನೆಗೆ ಸಾಕಾಗಿದ್ದ ಗುಂಡಿ, ಹನ್ನೆರಡು ಜನ ಸ್ನಾನ ಮಾಡಿದ ದಿನ ಉಕ್ಕುತ್ತದೆ. ಗುಂಡಿಗೆ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಮೊದಲೇ ನೋಡಿ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗೆ 18 ಮೀಟರ್‌ಗಿಂತ ಹತ್ತಿರ ಇಂಗುಗುಂಡಿ ಬೇಡ.

ಮಂಗ್ಯಾನ ಕಾಟಕ್ಕ ಏನ್ ಮಾಡ್ತೀರಿ?

ಬಾದಾಮಿಯಲ್ಲಿ ಇದು ಖರ್ಚಿನ ಬಾಬ್ತು, ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಪ್ಲಾಸ್ಟಿಕ್ ಸೊಳ್ಳೆ ಪರದೆಯನ್ನು ಅವು ಒಂದೇ ಎಳೆತಕ್ಕೆ ಹರಿಯುತ್ತವೆ. ಕಿಟಕಿಗೆ ವೆಲ್ಡ್ ಮಾಡಿದ ತಂತಿಜಾಲರಿ, ಅದರ ಒಳಗಡೆ ಸೊಳ್ಳೆ ಪರದೆ ಬೇಕು. ಜಾಲರಿಯ ಕಣ್ಣು ಒಂದು ಇಂಚು ಮೀರಬಾರದು, ಮರಿಗಳ ಕೈ ಒಳಗೆ ಬರುತ್ತದೆ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿಯಿರಿ. ಮೇಲೆ ಹಾದ ಇಂಟರ್‌ನೆಟ್ ವೈರನ್ನು ಪೈಪಿನೊಳಗೆ ಸೇರಿಸಿ.

ಸೋಲಾರ್ ಗೀಸರ್ ಆರಿಸುವಾಗಲೂ ಮಂಗಗಳ ನೆನಪಿರಲಿ. ಗಾಜಿನ ಕೊಳವೆಯ ಮಾದರಿ ಅಗ್ಗ, ಆದರೆ ಮಂಗ ಜಿಗಿದರೆ ಕೊಳವೆ ಒಡೆಯುತ್ತದೆ. ಗಟ್ಟಿ ಗಾಜಿನ ಚಪ್ಪಟೆ ಫಲಕದ್ದು ತಡೆಯುತ್ತದೆ. ಆದರೆ ನಮ್ಮ ಬೋರ್ ನೀರಿನ ಸುಣ್ಣ ಅದರ ತಾಮ್ರದ ನಳಿಗೆಗಳಲ್ಲಿ ಕಟ್ಟುತ್ತದೆ. ಹೀಗಾಗಿ ಹೀಟ್ ಎಕ್ಸ್‌ಚೇಂಜರ್ (ಬೋರ್ ನೀರು ಫಲಕದ ನಳಿಗೆಗೆ ಹೋಗದಂತೆ ಬೇರೆಯಾಗಿ ಬಿಸಿ ಮಾಡುವ ಏರ್ಪಾಡು) ಇರುವ ಚಪ್ಪಟೆ ಫಲಕವನ್ನೇ ಕೇಳಿ ತೆಗೆದುಕೊಳ್ಳಿ. ದುಬಾರಿಯಾದರೂ ಎರಡೂ ತೊಂದರೆ ತಪ್ಪುತ್ತವೆ. ಅತಿಥಿಗಳಿಗೆ ಬಂದ ಕೂಡಲೇ ಹೇಳಬೇಕಾದದ್ದು: ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಮಾಳಿಗೆ ಹತ್ತಬೇಡಿ, ಒದ್ದೆ ಬಟ್ಟೆ ಅಲ್ಲಿ ಹರವಬೇಡಿ.

ನೀರು, ಕರೆಂಟ್ ಎಷ್ಟು ಬೇಕಾಗ್ತಾವ?

ಬಟ್ಟೆ ತೊಳೆಯುವುದೂ ಸೇರಿ ಅತಿಥಿಯೊಬ್ಬರಿಗೆ ದಿನಕ್ಕೆ 150 ಲೀಟರ್ ಹಿಡಿಯಿರಿ. ನಾಲ್ಕು ಖೋಲಿ ತುಂಬಿದರೆ ಎಂಟು ಜನ, 1,200 ಲೀಟರ್. ಮನೆಯವರದು ಸೇರಿ 1,600. ಒಂದು 5,000 ಲೀಟರ್ ಟ್ಯಾಂಕರ್ ಮೂರು ದಿನಕ್ಕೆ ಬರುತ್ತದೆ. ಮೇ ತಿಂಗಳ ಟ್ಯಾಂಕರ್ ದರ ಕೇಳಿ ಲೆಕ್ಕ ಹಾಕಿ, ಈಗಿನದಲ್ಲ.

ಕರೆಂಟ್ ಹೋದಾಗ ಫ್ಯಾನ್, ದೀಪ, ವೈಫೈ ನಡೆಯಲೇಬೇಕು. ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ನಾಲ್ಕು, ಎಲ್‌ಇಡಿ ದೀಪ ಎಂಟು, ರೌಟರ್ ಒಂದು ಅಂದರೆ ಸುಮಾರು 210 ವ್ಯಾಟ್. 150 ಎ.ಎಚ್. ಬ್ಯಾಟರಿಯ ಇನ್ವರ್ಟರ್ ಇದನ್ನು ಐದು ತಾಸು ಎಳೆಯುತ್ತದೆ. ಹಳೆಯ 75 ವ್ಯಾಟಿನ ಫ್ಯಾನುಗಳಿದ್ದರೆ ಮೂರು ತಾಸೇ. ಮೀಟರಿಗೆ ಯಾವ ದರ ಬೀಳುತ್ತದೆ ಎಂಬುದನ್ನು ಶುರು ಮಾಡುವ ಮೊದಲೇ ಹೆಸ್ಕಾಂ ಶಾಖಾ ಕಚೇರಿಯಿಂದ ಬರಹದಲ್ಲಿ ತೆಗೆದುಕೊಳ್ಳಿ.

## ಕಾಗದಪತ್ರ

ಯಾವ್ಯಾವ ಕಾಗದ ಮಾಡಿಸ್ಬೇಕ್ರಿ?

ಮೊದಲು ಜಾಗದ್ದು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ನಮೂನೆ 9 ಮತ್ತು 11 ನಿಮ್ಮ ಹೆಸರಿನಲ್ಲಿರಬೇಕು. ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ವಾರಸಾ ಮಾಡಿಸುವ ಕೆಲಸವೇ ಎಲ್ಲಕ್ಕೂ ಮುಂಚೆ. ಅಣ್ಣತಮ್ಮಂದಿರ ಪಾಲಿದ್ದರೆ ಅವರ ಒಪ್ಪಿಗೆ ಬರಹದಲ್ಲಿರಲಿ, ಬಾಯಿಮಾತಿನ ಒಪ್ಪಿಗೆ ದುಡ್ಡು ಬರಲು ಶುರುವಾದ ಮೇಲೆ ಉಳಿಯುವುದು ಅಪರೂಪ. ಹೊಲದಲ್ಲಿ ಕಟ್ಟುವುದಾದರೆ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಬೇಕು.

ಆಮೇಲೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಹೋಮ್‌ಸ್ಟೇ ನೋಂದಣಿ, ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿ, ಪೊಲೀಸ್ ಠಾಣೆಯ ಪರಿಶೀಲನೆ. ಊಟ-ನಾಷ್ಟಾ ಕೊಡುವುದಾದರೆ ಆಹಾರ ಸುರಕ್ಷತಾ ನೋಂದಣಿ, ಅದರ 14 ಅಂಕಿಯ ಸಂಖ್ಯೆ ಕಾಣುವಂತೆ ಹಾಕಬೇಕು. ದುಡ್ಡು ತೆಗೆದುಕೊಂಡು ಅಡುಗೆ ಮಾಡುವ ಒಲೆಗೆ 19 ಕೆ.ಜಿ. ಕಮರ್ಶಿಯಲ್ ಸಿಲಿಂಡರ್ ಬೇಕು.

ಫಾರಿನ್‌ದವ್ರು ಬಂದ್ರ ಏನ್ ಮಾಡ್ಬೇಕು?

ಪಾಸ್‌ಪೋರ್ಟ್, ವೀಸಾ ನೋಡಿ, ಬಂದ 24 ತಾಸಿನೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣದಲ್ಲಿ ತುಂಬಬೇಕು. ಎಲ್ಲರೂ ಇದನ್ನು ಸಿ ಫಾರ್ಮ್ ಎನ್ನುತ್ತಾರೆ. ಒಂದೇ ರಾತ್ರಿ ಉಳಿದರೂ, ದುಡ್ಡು ತೆಗೆದುಕೊಳ್ಳದಿದ್ದರೂ ಬಿಡುವಂತಿಲ್ಲ. ಜಾಲತಾಣದ ಲಾಗಿನ್ ಸಿಗಲು ಸಮಯ ಹಿಡಿಯುತ್ತದೆ, ಮೊದಲ ವಿದೇಶಿ ಅತಿಥಿ ಬಾಗಿಲಿಗೆ ಬಂದ ಮೇಲೆ ಅರ್ಜಿ ಹಾಕಿದರೆ ತಡವಾಯಿತು. ಭಾರತೀಯರಿಗೂ ಗುರುತಿನ ಚೀಟಿ ನೋಡಿ ರಿಜಿಸ್ಟರ್ ಬರೆಯಿರಿ.

ಜಿ.ಎಸ್.ಟಿ. ಕಟ್ಬೇಕಾ?

ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ. ಆ್ಯಪ್ ಮೂಲಕ ಬುಕಿಂಗ್ ಆದಾಗ, ನೀವು ನೋಂದಣಿ ಇಲ್ಲದವರಾದರೆ ತೆರಿಗೆಯನ್ನು ಆ್ಯಪ್‌ನವರೇ ಕಟ್ಟುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ಖೋಲಿಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇ 5. ಇತರ ವ್ಯಾಪಾರವೂ ನಿಮ್ಮ ಅದೇ ಪ್ಯಾನ್‌ನಲ್ಲಿದ್ದರೆ ಅದೂ ಸೇರಿಯೇ 20 ಲಕ್ಷ.

## ದುಡ್ಡಿನ ಲೆಕ್ಕ

ನಾಲ್ಕು ಖೋಲಿಗೆ ವರ್ಷಕ್ಕ ಎಷ್ಟು ಉಳೀತೈತಿ? ನಿಜಾ ಹೇಳ್ರಿ.

ಖೋಲಿಗೆ 1,500 ರೂಪಾಯಿ, ನಾಷ್ಟಾ ಸೇರಿ ಎಂದಿಟ್ಟುಕೊಳ್ಳಿ. ನಾಲ್ಕು ಖೋಲಿಗೆ ವರ್ಷದಲ್ಲಿ 1,460 ರಾತ್ರಿ. ಅದರಲ್ಲಿ ಶೇ 35 ತುಂಬಿದರೆ 511 ರಾತ್ರಿ, ಬಂದದ್ದು 7,66,500 ರೂಪಾಯಿ.

ಪ್ರತಿ ರಾತ್ರಿಗೆ ಇಬ್ಬರ ನಾಷ್ಟಾ 160, ಬಟ್ಟೆ ಒಗೆತ 80, ಕರೆಂಟ್ 80, ಸಾಬೂನು-ನೀರು 30, ಒಟ್ಟು 350, ವರ್ಷಕ್ಕೆ 1,78,850. ಅರ್ಧ ಬುಕಿಂಗ್ ಆ್ಯಪ್‌ನಿಂದ ಬಂದು ಶೇ 18 ಕಮಿಷನ್ ಹೋದರೆ ಸುಮಾರು 69,000. ಆಳಿನ ಪಗಾರ ತಿಂಗಳಿಗೆ 12,000ದಂತೆ 1,44,000. ಬಣ್ಣ, ನಲ್ಲಿ, ಹಾಸಿಗೆ ದುರಸ್ತಿ 60,000. ಇಂಟರ್‌ನೆಟ್ 12,000. ಇಷ್ಟು ಕಳೆದರೆ ಸುಮಾರು 3,02,000 ಉಳಿಯುತ್ತದೆ. ಇದು ಮನೆಯ ಇಬ್ಬರು ವರ್ಷವಿಡೀ ದುಡಿದದ್ದರ ಕೂಲಿಯೂ ಹೌದು.

ಈಗ 12 ಲಕ್ಷ ಸಾಲ ಸೇರಿಸಿ. ಶೇ 11 ಬಡ್ಡಿ, ಏಳು ವರ್ಷ ಅಂದರೆ ತಿಂಗಳ ಕಂತು ಸುಮಾರು 20,550. ವರ್ಷಕ್ಕೆ ಎರಡೂವರೆ ಲಕ್ಷದ ಹತ್ತಿರ ಹೋಗಿ ಕೈಯಲ್ಲಿ ಉಳಿಯುವುದು 56,000. ಖೋಲಿ ತುಂಬುವುದು ಶೇ 25ಕ್ಕೆ ಇಳಿದರೆ 92,000 ರೂಪಾಯಿ ಕೈಯಿಂದ ಹಾಕಬೇಕು. ಹೊಸ ಊರಿನ ಹೊಸ ಹೆಸರಿಗೆ ಮೊದಲ ವರ್ಷ ಶೇ 25 ಸಿಕ್ಕರೂ ದೊಡ್ಡದು. ನಿಮ್ಮ ಊರಿನ ದರ ಹಾಕಿ ಇದೇ ಲೆಕ್ಕವನ್ನು ಶೇ 20ಕ್ಕೆ ಒಮ್ಮೆ ಮಾಡಿ. ಆ ಅಂಕಿ ನೋಡಿಯೂ ನಿದ್ದೆ ಬರುತ್ತದೆ ಎಂದಾದರೆ ಮುಂದುವರಿಯಿರಿ.

ಸಾಲ ತಗೊಳ್ಳಲೇಬೇಕಂದ್ರ ಯಾವುದು ಛಲೋ?

ಇದ್ದ ಮನೆಯನ್ನು ಸಜ್ಜು ಮಾಡುವಷ್ಟಕ್ಕೇ ಸಾಲ ಮಾಡಿ. 2025-26ರ ಕೇಂದ್ರ ಬಜೆಟ್ ಹೋಮ್‌ಸ್ಟೇಗೂ ಮುದ್ರಾ ಸಾಲ ಎಂದು ಘೋಷಿಸಿತು. ಇದಕ್ಕೆ ಅಡವು ಬೇಕಿಲ್ಲ. ಇದರ ಕಿಶೋರ ಎಂಬ ವರ್ಗದಲ್ಲಿ 5 ಲಕ್ಷದವರೆಗೆ, ತರುಣ ಎಂಬ ವರ್ಗದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ಎರಡು ಖೋಲಿಗೆ ಬಾತ್‌ರೂಮ್, ಹಾಸಿಗೆ, ಇನ್ವರ್ಟರ್ ಎಲ್ಲ ಕಿಶೋರದೊಳಗೆ ಮುಗಿಸಲು ನೋಡಿ. ಹೊಲ ಅಡವಿಟ್ಟು ಖೋಲಿ ಕಟ್ಟುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

ಆ್ಯಪ್‌ಗೆ ಕಮಿಷನ್ ಯಾಕ ಕೊಡಬೇಕು? ಬೋರ್ಡ್ ಹಾಕಿದ್ರ ಸಾಲದಾ?

ಮೊದಲ ಎರಡು ವರ್ಷ ಕೊಡಬೇಕು. ಪುಣೆ, ಹೈದರಾಬಾದಿನವರು ನಿಮ್ಮ ಬೋರ್ಡ್ ನೋಡಿ ಬರುವವರಲ್ಲ. ಸಾಮಾನ್ಯವಾಗಿ ಶೇ 15ರಿಂದ 20 ಹೋಗುತ್ತದೆ. ಜೊತೆಗೆ ಗೂಗಲ್ ನಕ್ಷೆಯಲ್ಲಿ ಮನೆ ಗುರುತಿಸಿ, ಓಣಿಯ ತಿರುವಿನ ಚಿತ್ರವನ್ನೂ ಹಾಕಿ. ಬಾದಾಮಿಯ ಇಕ್ಕಟ್ಟು ಓಣಿಗೆ ಕಾರು ಬರುವುದಿಲ್ಲವೆಂದರೆ ಎಲ್ಲಿ ನಿಲ್ಲಿಸಬೇಕೆಂದು ಬರೆಯಿರಿ. ರೈಲು ನಿಲ್ದಾಣ ಊರಿಂದ ಐದು ಕಿಲೋಮೀಟರ್ ದೂರ ಎಂಬುದನ್ನೂ ಮುಚ್ಚಿಡಬೇಡಿ. ನೇರ ಫೋನ್ ಬುಕಿಂಗ್‌ಗೆ ಮೂರನೇ ಒಂದು ಪಾಲು ಮುಂಗಡ ತೆಗೆದುಕೊಂಡು, ಅದೇ ಗಳಿಗೆಯಲ್ಲಿ ಆ್ಯಪ್‌ನಲ್ಲಿ ಆ ದಿನ ಮುಚ್ಚಿ. ಒಂದೇ ಖೋಲಿಗೆ ಎರಡು ಕುಟುಂಬ ಬರುವುದು ಈ ಒಂದು ಮರೆವಿನಿಂದಲೇ.

## ದಿನನಿತ್ಯದ್ದು

ನಾಷ್ಟಾಕ್ಕ ಏನ್ ಕೊಡೂದು? ಅವ್ರಿಗೆ ನಮ್ಮ ರೊಟ್ಟಿ ಸೇರ್ತಾವೇನು?

ಸೇರುತ್ತವೆ, ಅದಕ್ಕೇ ಬರುವವರೂ ಇದ್ದಾರೆ. ಬ್ರೆಡ್-ಜಾಮ್ ಇಟ್ಟು ನಿಮ್ಮ ಕೈರುಚಿಯನ್ನು ಬಚ್ಚಿಡಬೇಡಿ. ಉಪ್ಪಿಟ್ಟು-ಶಿರಾ, ಸೂಸಲ, ಥಾಲಿಪಟ್ಟು ಬೆಳಿಗ್ಗೆಗೆ. ಹೇಳಿದರೆ ಮಾತ್ರ ಮಧ್ಯಾಹ್ನ ಅಥವಾ ರಾತ್ರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳು, ಗುರೆಳ್ಳು ಚಟ್ನಿ, ಮೊಸರು. ಖಾರ ಪಲ್ಯದಲ್ಲಿ ಅರ್ಧಕ್ಕಿಳಿಸಿ, ಕೆಂಪು ಚಟ್ನಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಶೇಂಗಾ ಒಗ್ಗದವರು ಇದ್ದಾರೆಯೇ ಎಂದು ಮೊದಲೇ ಕೇಳಿ, ನಮ್ಮ ಅಡುಗೆಯಲ್ಲಿ ಶೇಂಗಾಪುಡಿ ಕಾಣದ ಹಾಗೆ ಸೇರಿರುತ್ತದೆ. ಬಂಡೆ ಹತ್ತುವವರು ಬೆಳಗಿನ ಆರಕ್ಕೇ ಹೊರಡುತ್ತಾರೆ. ಅವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಳೆಹಣ್ಣು ರಾತ್ರಿಯೇ ಕಟ್ಟಿಡಿ.

ಹಾಸಿಗಿ, ಬೆಡ್‌ಶೀಟ್ ಎಷ್ಟು ಸೆಟ್ ಬೇಕು?

ಮಂಚಕ್ಕೆ ಮೂರು ಸೆಟ್: ಒಂದು ಹಾಸಿದ್ದು, ಒಂದು ಒಗೆತಕ್ಕೆ, ಒಂದು ಕಪಾಟಿನಲ್ಲಿ. ಗಡಸು ನೀರಿಗೆ ಅಚ್ಚ ಬಿಳಿ ಹತ್ತಿ ಕೆಲವೇ ತಿಂಗಳಲ್ಲಿ ಹಳದಿಗೆ ತಿರುಗುತ್ತದೆ, ತಿಳಿ ಬೂದು ಅಥವಾ ಕೆನೆ ಬಣ್ಣ ತಡೆಯುತ್ತದೆ. ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿಯೇ ಶುರು ಮಾಡಿ.

ಜಾತಿ-ಗೀತಿ ಕೇಳ್ಬಹುದಾ? ಮದುವಿಯಾಗದ ಜೋಡಿ ಬಂದ್ರ? ಕುಡಿಯೋರು ಬಂದ್ರ?

ಜಾತಿ, ಧರ್ಮ ಕೇಳಿ ಖೋಲಿ ನಿರಾಕರಿಸುವಂತಿಲ್ಲ. ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲಲ್ಲಿ ಈ ಭೇದವನ್ನು ನಿಷೇಧಿಸಿದೆ, ಅಸ್ಪೃಶ್ಯತೆ ಆಚರಿಸಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಡುಗೆಮನೆಗೆ, ಪಡಸಾಲೆಗೆ ಯಾರು ಬಂದರೂ ಒಂದೇ ತಟ್ಟೆ, ಒಂದೇ ಲೋಟ ಎಂದು ಮನೆಯ ಹಿರಿಯರೂ ಮನಸಾರೆ ಒಪ್ಪದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ವಯಸ್ಸಿಗೆ ಬಂದ ಇಬ್ಬರು ಮದುವೆಯಾಗದೆ ಒಂದು ಖೋಲಿಯಲ್ಲಿ ಉಳಿಯುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಇಬ್ಬರ ಗುರುತಿನ ಚೀಟಿ ನೋಡಿ. ಮನೆಯ ಕಟ್ಟುಪಾಡು ಏನೇ ಇದ್ದರೂ ಬುಕಿಂಗ್ ಪುಟದಲ್ಲಿ ಮೊದಲೇ ಬರೆದಿರಲಿ. ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ನಿಲ್ಲಿಸಿ ಹೇಳುವುದು ತಪ್ಪು. ಮಾಂಸದೂಟ, ಕುಡಿತ ಒಳಗೆ ಬೇಡ ಎನ್ನುವುದೂ ಹಾಗೆಯೇ, ಮೊದಲೇ ತಿಳಿಸಿ. ನೀವಾಗಿ ಮದ್ಯ ಕೊಡಲು ಅಬಕಾರಿ ಪರವಾನಗಿ ಬೇಕು.

## ಮುಂದಿನ ಹೆಜ್ಜೆ

ಹೆದ್ದಾರಿ ಮ್ಯಾಲೆ ಎರಡೆಕರೆ ಐತಿ. ಮೊಟೆಲ್ ಹಾಕ್ಲಾ?

ನಿಪ್ಪಾಣಿ-ಬೆಳಗಾವಿಯ 48ನೇ ಹೆದ್ದಾರಿ, ವಿಜಯಪುರದ ಮೇಲೆ ಹಾದ 50 ಮತ್ತು 52ನೇ ಹೆದ್ದಾರಿಗಳಲ್ಲಿ ಗಾಡಿ ಬಹಳ. ಆದರೆ ಹೆದ್ದಾರಿಯಲ್ಲಿ ಮೊದಲು ದುಡಿಯುವುದು ಊಟ ಮತ್ತು ಸ್ವಚ್ಛ ಶೌಚಾಲಯ, ಖೋಲಿ ಆಮೇಲೆ. ಹೆದ್ದಾರಿಯಿಂದ ಒಳದಾರಿ ತೆಗೆಯಲು ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು, ಎನ್.ಎ. ಬೇಕು, ಅಗ್ನಿಶಾಮಕದ ಒಪ್ಪಿಗೆ ಬೇಕು, ರಾತ್ರಿ ಪಾಳಿಗೂ ಆಳು ಬೇಕು. ನಿಮ್ಮ ಹೊಲದೆದುರು ಡಿವೈಡರ್ ಇದೆಯೇ ನೋಡಿ. ಇದ್ದರೆ ಎದುರುಬದಿಯ ಗಾಡಿಗಳನ್ನು ಲೆಕ್ಕದಿಂದ ಬಿಡಿ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಒಂದು ವಾರ ಅಲ್ಲಿ ಕುಳಿತು, ಹತ್ತಿರದ ಊಟದ ಹೋಟೆಲಿನಲ್ಲಿ ಎಷ್ಟು ಕುಟುಂಬದ ಕಾರು ನಿಲ್ಲುತ್ತವೆ ಎಂದು ಎಣಿಸಿ. ಲಾರಿಯವರು ಖೋಲಿ ಹಿಡಿಯುವುದು ಕಡಿಮೆ. ಶುರು ಮಾಡುವುದಾದರೆ ಖಾನಾವಳಿ, ಶೌಚಾಲಯ ಮಾಡಿ ಒಂದು ವರ್ಷ ನಡೆಸಿ, ಖೋಲಿಗೆ ಜಾಗ ಬಿಟ್ಟಿರಿ.

ಬ್ಯಾರೇದವ್ರು ಲೀಸ್‌ಗೆ ಕೇಳಾಕತ್ತಾರ. ಕೊಟ್ಟು ಕುಂದರ್ಲಾ?

ನೀವು ಮನೆಯಲ್ಲಿಲ್ಲದ ಮೇಲೆ ಅದು ಹೋಮ್‌ಸ್ಟೇ ಅಲ್ಲ, ನಿಮ್ಮ ಹೆಸರಿನ ನೋಂದಣಿಯಲ್ಲಿ ಅವರು ನಡೆಸುವಂತಿಲ್ಲ. ಕೊಡುವುದಾದರೆ ಕರಾರು ನೋಂದಾಯಿಸಿ, ಪರವಾನಗಿ ಅವರ ಹೆಸರಿನಲ್ಲೇ ಆಗಲಿ. ಗೋಡೆ ಒಡೆಯುವ ಮುನ್ನ ನಿಮ್ಮ ಬರಹದ ಒಪ್ಪಿಗೆ ಬೇಕೆಂದು ಕರಾರಿನಲ್ಲಿ ಸೇರಿಸಿ. ಸ್ಮಾರಕದ 100 ಮೀಟರ್ ಒಳಗಿದ್ದರೆ ಅವರು ಮಾಡಿದ ಕೆಲಸಕ್ಕೆ ನೋಟಿಸ್ ಮಾಲೀಕರಾದ ನಿಮಗೂ ಬರಬಹುದು.

ಎರಡು ವರ್ಷ ಆತು, ಜನ ಬರವಲ್ಲರು. ಬಿಟ್ಟುಬಿಡ್ಲಾ?

ಬೇರೆ ಬೇರೆ ಲೆಕ್ಕ ನೋಡಿ. ಅಕ್ಟೋಬರ್-ಫೆಬ್ರವರಿಯಲ್ಲಿ ಅರ್ಧದಷ್ಟು ರಾತ್ರಿಗಳೂ ತುಂಬದಿದ್ದರೆ ತೊಂದರೆ ಮನೆಯಲ್ಲಿದೆ: ಚಿತ್ರ, ಬಾತ್‌ರೂಮ್, ದಾರಿ, ಫೋನ್ ಎತ್ತದಿರುವುದು. ಬಂದವರು ಬರೆದ ಅಭಿಪ್ರಾಯ ಓದಿ, ಒಂದೇ ದೂರು ಮೂರು ಸಲ ಬಂದಿದ್ದರೆ ಮೊದಲು ಅದನ್ನು ಸರಿಮಾಡಿ. ಆ ತಿಂಗಳುಗಳು ತುಂಬಿ ಬೇಸಿಗೆ ಮಾತ್ರ ಖಾಲಿ ಎಂದರೆ ಅದು ಊರಿನ ಸ್ವಭಾವ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಖೋಲಿಯನ್ನು ಬ್ಯಾಂಕಿನವರಿಗೋ ಶಿಕ್ಷಕರಿಗೋ ತಿಂಗಳ ಬಾಡಿಗೆಗೆ ಕೊಟ್ಟು ಇನ್ನೊಂದನ್ನು ಅತಿಥಿಗಳಿಗೆ ಇಟ್ಟುಕೊಳ್ಳಿ. ಬಾಡಿಗೆ ಕರಾರಿನಲ್ಲಿ ಸೆಪ್ಟೆಂಬರ್ 30ಕ್ಕೆ ಖಾಲಿ ಮಾಡಬೇಕೆಂದು ಬರೆಸಿ, ಅಕ್ಟೋಬರ್ ಮೊದಲ ವಾರ ಬಣ್ಣಕ್ಕೆ ಬೇಕಾಗುತ್ತದೆ.